ರಾಣಿಯ ಕೋಟೆಯಲ್ಲಿ ಚೀಲ ಕಾಯುವವರು

'ಕುಟುಂಬ ಸಮೇತ ಪ್ರವಾಸ' ಎಂಬ ಮಾತಿನಲ್ಲೇ ಒಂದು ಮೋಸ ಅಡಗಿದೆ ಎಂಬುದು ನನ್ನ ವಾದ. ಕುಟುಂಬವೇನೋ ಇಡಿಯಾಗಿ ಹೊರಡುತ್ತದೆ. ಆದರೆ ಪ್ರವಾಸ ಮಾಡುವವರು ಅದರಲ್ಲಿ ಅರ್ಧ ಮಂದಿ ಮಾತ್ರ. ಉಳಿದರ್ಧ ಮಂದಿ ಮನೆಯಲ್ಲಿ ಮಾಡುವ ಕೆಲಸವನ್ನೇ ಬೇರೆ ಊರಿನಲ್ಲಿ, ಒಲೆಯೂ ನಲ್ಲಿಯೂ ಇಲ್ಲದ ಕಡೆ, ಇನ್ನಷ್ಟು ತಾಪತ್ರಯದಲ್ಲಿ ಮಾಡಿ ಮುಗಿಸಿ ಬರುತ್ತಾರೆ. ಆ ಉಳಿದರ್ಧ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಇದನ್ನು ಓದುವ ಹೆಂಗಸರಿಗೆ ಗೊತ್ತು. ಗಂಡಸರಿಗೆ ಗೊತ್ತಿಲ್ಲದಿದ್ದರೆ ತಿಳಿಯಲಿ ಎಂದೇ ಬರೆಯುತ್ತಿದ್ದೇನೆ.

ರಜಾ ದಿನಗಳಲ್ಲಿ ಯಾವುದಾದರೂ ಕೋಟೆಗೋ ಜಲಪಾತಕ್ಕೋ ಸಮುದ್ರ ದಂಡೆಗೋ ಹೋಗಿ ನೋಡಿ. ನೋಡಬೇಕಾದ ಜಾಗವನ್ನು ಒಂದು ಗಳಿಗೆ ಬಿಟ್ಟು, ಹತ್ತಿರದಲ್ಲಿರುವ ಮರದ ಬುಡವನ್ನು ನೋಡಿ. ಒಂದು ಚಾಪೆ, ನಾಲ್ಕು ಚೀಲ, ಒಂದು ನೀರಿನ ಕ್ಯಾನು, ಸ್ಟೀಲಿನ ಡಬ್ಬಿಗಳು, ಯಾರದೋ ಚಪ್ಪಲಿ, ಯಾರದೋ ಸ್ವೆಟರು, ನಿದ್ದೆ ಹೋದ ಒಂದು ಮಗು. ಇವೆಲ್ಲದರ ನಡುವೆ ಇಬ್ಬರು ಅಥವಾ ಮೂವರು ಹೆಂಗಸರು. ನೆರಳು ಆ ಕಡೆಗಿದೆ ಎಂಬ ಕಾರಣಕ್ಕೆ ಅವರು ಎಷ್ಟೋ ಸಲ ಕೋಟೆಗೆ ಬೆನ್ನು ಹಾಕಿಯೇ ಕೂತಿರುತ್ತಾರೆ. ಅವರನ್ನು ನಾನು ಚೀಲ ಕಾಯುವವರು ಎಂದು ಕರೆಯುತ್ತೇನೆ. ನಮ್ಮ ಎಲ್ಲ ಐತಿಹಾಸಿಕ ಸ್ಥಳಗಳಲ್ಲೂ ಅವರು ಇದ್ದಾರೆ. ಯಾವ ಫೋಟೋದಲ್ಲೂ ಇಲ್ಲ.

ಈ ಮಾತನ್ನು ಒಂದು ಕೋಟೆಯನ್ನು ಇಟ್ಟುಕೊಂಡೇ ಹೇಳುವುದು ಒಳ್ಳೆಯದು. ನಮ್ಮ ಉತ್ತರ ಕನ್ನಡದ ಕುಮಟಾ ತಾಲೂಕಿನಲ್ಲಿ, ಹೆದ್ದಾರಿ 66ರಿಂದ ಸ್ವಲ್ಪವೇ ಒಳಗೆ, ಅಘನಾಶಿನಿ ನದಿಯ ಸೀಮೆಯಲ್ಲಿ ಮಿರ್ಜಾನ ಕೋಟೆ ಇದೆ. ಪೂರಾ ಚಿರೆಕಲ್ಲಿನ ಕೋಟೆ. ಎರಡು ಸುತ್ತು ಗೋಡೆ, ಗುಂಡನೆಯ ಎತ್ತರದ ಬುರುಜುಗಳು, ಹೊರಗೆ ಕಂದಕ, ಒಳಗೆ ಬಾವಿಗಳು. ಮಳೆಗಾಲದಲ್ಲಿ ಗೋಡೆಗೆಲ್ಲ ಪಾಚಿ ಹಿಡಿದು ಕೋಟೆಯೇ ಹಸಿರು ಮಖಮಲ್ಲು ಹೊದ್ದಂತೆ ಕಾಣುತ್ತದೆ. ಅಘನಾಶಿನಿ ಅರಬ್ಬೀ ಸಮುದ್ರ ಸೇರುವ ಜಾಗ ಇಲ್ಲಿಂದ ದೂರವಿಲ್ಲ. ಘಟ್ಟದ ಮೇಲಿನ ಮೆಣಸು ಕೆಳಗಿಳಿದು ನದಿಯ ದಾರಿಯಲ್ಲಿ ಸಮುದ್ರಕ್ಕೆ, ಅಲ್ಲಿಂದ ಪರದೇಶಕ್ಕೆ ಹೋಗುತ್ತಿದ್ದ ಕಾಲದಲ್ಲಿ ಮಿರ್ಜಾನ ದೊಡ್ಡ ಬಂದರು. ಕೋಟೆ ಕಟ್ಟಿಸಿದವರು ಯಾರೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಬಿಜಾಪುರದ ಸರದಾರ ಷರೀಫ್ ಉಲ್ ಮುಲ್ಕ್ ಕಟ್ಟಿಸಿದನೆನ್ನುವವರಿದ್ದಾರೆ. ಆದರೆ ನಮ್ಮ ಕಡೆಯ ಜನರ ಬಾಯಲ್ಲಿ ಅದು ರಾಣಿಯ ಕೋಟೆ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಟೆ.

ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಅಂದರೆ ಐವತ್ನಾಲ್ಕು ವರ್ಷ ಆಳಿದಳು. ಮೆಣಸಿನ ವ್ಯಾಪಾರ ಅವಳ ಕೈಯಲ್ಲಿತ್ತು. ಪೋರ್ಚುಗೀಸರೊಡನೆ ವ್ಯಾಪಾರವನ್ನೂ ಮಾಡಿದಳು, ಯುದ್ಧವನ್ನೂ ಮಾಡಿದಳು. ಅವರು ಅವಳನ್ನು 'ರೈನಾ ದ ಪಿಮೆಂಟಾ', ಅಂದರೆ ಕಾಳುಮೆಣಸಿನ ರಾಣಿ ಎಂದು ಕರೆದರು. ಕಡೆಗೆ ಕೆಳದಿಯವರೂ ಬಿಳಗಿಯವರೂ ಸೇರಿ ಅವಳನ್ನು ಸೋಲಿಸಿದರು. ಇಕ್ಕೇರಿಯ ಸೆರೆಯಲ್ಲಿ ಅವಳ ಬಾಳು ಮುಗಿಯಿತೆಂದು ಹೇಳುತ್ತಾರೆ. ನಾನು ಸಮಾಜ ವಿಜ್ಞಾನ ಕಲಿಸುವವಳು. ಉಳ್ಳಾಲದ ಅಬ್ಬಕ್ಕ, ಗೇರುಸೊಪ್ಪೆಯ ಚೆನ್ನಭೈರಾದೇವಿ, ಘಟ್ಟದ ಮೇಲೆ ಕೆಳದಿಯ ಚೆನ್ನಮ್ಮ, ಇವರನ್ನೆಲ್ಲ ಮಕ್ಕಳಿಗೆ ಹೇಳಿಕೊಡುವಾಗ ನನ್ನ ದನಿ ತಾನಾಗಿ ಏರುತ್ತದೆ. ನಮ್ಮ ಸೀಮೆಗೆ ರಾಣಿಯರ ಕೊರತೆ ಇರಲಿಲ್ಲ. ಆದರೆ ಅದೇ ರಾಣಿಯ ಕೋಟೆಯ ಬಾಗಿಲಲ್ಲಿ ನಿಂತು, ಇಪ್ಪತ್ತೊಂದನೆಯ ಶತಮಾನದ ಪದವೀಧರ ಗಂಡಸೊಬ್ಬ ಇಪ್ಪತ್ತೊಂದನೆಯ ಶತಮಾನದ ಪದವೀಧರ ಹೆಂಗಸಿಗೆ "ನೀನು ಇಲ್ಲೇ ಚೀಲ ನೋಡ್ಕೊ" ಎನ್ನುತ್ತಾನೆ. ಅವಳು ಕೂರುತ್ತಾಳೆ. ರಾಣಿಯನ್ನು ಪಾಠದಲ್ಲಿ ಓದಿ ನಾವು ಗಳಿಸಿದ್ದೇನು?

ಕಳೆದ ಡಿಸೆಂಬರಿನಲ್ಲಿ ನಮ್ಮ ಮನೆಯ ಹದಿಮೂರು ಜನ ಎರಡು ಕಾರುಗಳಲ್ಲಿ ಮಿರ್ಜಾನಕ್ಕೆ ಹೋದೆವು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊರಡುವುದೆಂದು ಗಂಡಸರು ತೀರ್ಮಾನಿಸಿದ್ದು ಶನಿವಾರ ಸಂಜೆ. ತೀರ್ಮಾನಿಸಲು ಹಿಡಿದ ಸಮಯ ಐದು ನಿಮಿಷ. ಅದರ ಬೆನ್ನಿಗೆ ನಾನೂ ನನ್ನ ಓರಗಿತ್ತಿಯೂ ಇಡ್ಲಿಗೆ ರುಬ್ಬಿದೆವು, ಬಾಳೆಲೆ ಬಾಡಿಸಿದೆವು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಚಿತ್ರಾನ್ನ, ಮೊಸರನ್ನ, ಚಟ್ನಿ, ಮುರುಗಲ ಹಣ್ಣಿನ ಪಾನಕ. ಅತ್ತೆಯವರ ಮಾತ್ರೆ ಡಬ್ಬಿ, ಮಕ್ಕಳ ಬದಲಿ ಬಟ್ಟೆ, ಕೈ ಒರೆಸುವ ಬಟ್ಟೆ, ಕಸ ತುಂಬಲು ಖಾಲಿ ಚೀಲ. "ಇಷ್ಟೆಲ್ಲ ಯಾಕೆ, ಸುಮ್ಮನೆ ಹೋಗಿ ಬರೋಣ ಅಂದರೆ ನೀವು ಹೆಂಗಸರು ಕೇಳುವುದಿಲ್ಲ" ಎಂದು ಹೊರಡುವಾಗ ಎಂದಿನ ಮಾತು ಬಂತು. ಹನ್ನೆರಡು ಗಂಟೆಗೆ "ಏನಾದರೂ ತಿನ್ನಲಿಕ್ಕಿದೆಯಾ?" ಎಂದು ಕೇಳಿದ್ದೂ ಅದೇ ಬಾಯಿ.

ಕೋಟೆಯ ಬಾಗಿಲಿಗೆ ಬಂದಾಗ ನನ್ನ ಮೈದುನ ಅತ್ಯಂತ ವಿಶ್ವಾಸದಿಂದಲೇ ಹೇಳಿದ: "ಅತ್ತಿಗೆ, ನೀವಿಬ್ಬರೂ ಅಮ್ಮನ ಜೊತೆ ಇಲ್ಲೇ ನೆರಳಲ್ಲಿ ಕೂತ್ಕೊಳ್ಳಿ. ಚೀಲ ಇದೆಯಲ್ಲ. ನಾವು ಹುಡುಗರನ್ನು ಕರ್ಕೊಂಡು ಒಂದು ಸುತ್ತು ಹಾಕಿ ಬರ್ತೇವೆ."

"ಚೀಲ ಕಾರಿನಲ್ಲಿಟ್ಟು ಬೀಗ ಹಾಕು. ಎಲ್ಲರೂ ಹೋಗೋಣ" ಎಂದೆ.

"ಕಾರು ಬಿಸಿಲಲ್ಲಿದೆ. ಮೊಸರನ್ನ ಹುಳಿ ಆಗ್ತದೆ ಅತ್ತಿಗೆ."

"ಹಾಗಾದರೆ ನೀನು ಕೂತ್ಕೊ. ನೀನು ಈ ಕೋಟೆ ಏಳೆಂಟು ಸಲ ನೋಡಿದ್ದೀಯಲ್ಲ. ನಿನ್ನ ಹೆಂಡತಿ ಮೂರು ಸಲ ಬಂದಿದ್ದಾಳೆ, ಒಳಗೆ ಹೋಗಿಲ್ಲ."

ಅವನು ನಕ್ಕ. ನಾನು ನಗಲಿಲ್ಲ. ಓರಗಿತ್ತಿ ನನ್ನ ಸೆರಗು ಜಗ್ಗಿ, "ಬಿಡಿ ಅಕ್ಕ, ನಾ ಕೂತ್ಕೊಳ್ತೆ, ಹೋಗ್ಲಿ" ಎಂದಳು. ಹೀಗೆ 'ಹೋಗ್ಲಿ' ಎಂದು ಎಷ್ಟು ಕೋಟೆಗಳನ್ನು ಎಷ್ಟು ಜನ ಬಿಟ್ಟುಕೊಟ್ಟಿದ್ದಾರೋ! ಆಗ ಎಂಬತ್ತೊಂದು ವರ್ಷದ ನನ್ನ ಅತ್ತೆ, ಕಾರಿನ ಬಾಗಿಲು ಹಿಡಿದು ನಿಂತವರು, ಯಾರನ್ನೂ ದೂರದ ದನಿಯಲ್ಲಿ ಒಂದು ಮಾತು ಹೇಳಿದರು: "ಗೋಕರ್ಣಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ ತಂಗಿ. ಸಮುದ್ರ ಸರಿಯಾಗಿ ನೋಡಿದ್ದು ಎರಡೇ ಸಲ. ಉಳಿದ ಸಲವೆಲ್ಲ ಇವರೆಲ್ಲ ಸ್ನಾನಕ್ಕೆ ಇಳೀತಿದ್ರು, ನಾನು ಬಟ್ಟೆಗಂಟು ಕಾಯ್ತಾ ಇದ್ದೆ."

ಮೈದುನ ಮಾತಾಡದೆ ಚಾಪೆಯ ಮೇಲೆ ಕೂತ. ನಾವು ಮೂವರು ಹೆಂಗಸರು ಒಳಗೆ ಹೋದೆವು. ಅತ್ತೆಯವರು ನನ್ನ ಕೈ ಹಿಡಿದುಕೊಂಡು ಬಾವಿಯವರೆಗೆ ಬಂದರು, ಓರಗಿತ್ತಿ ಬುರುಜು ಹತ್ತಿದಳು. ಅಷ್ಟರಲ್ಲಿ ಕೆಳಗಿನಿಂದ ಎರಡು ಸಲ ಫೋನು ಬಂತು: ಪೇಪರ್ ಪ್ಲೇಟು ಯಾವ ಚೀಲದಲ್ಲಿದೆ, ಮಗು ಎದ್ದಿದೆ ಏನು ಮಾಡಲಿ. ಇಪ್ಪತ್ತೈದು ನಿಮಿಷಕ್ಕೆ ಅವನಿಗೆ ಸಾಕಾಗಿಹೋಗಿತ್ತು. ಇವನು ಕೆಟ್ಟವನಲ್ಲ, ಇಡೀ ಮನೆಯಲ್ಲಿ ಎಲ್ಲರಿಗಿಂತ ಅಂತಃಕರಣದ ಹುಡುಗ. ಅದನ್ನು ಒತ್ತಿ ಹೇಳಲು ಕಾರಣವಿದೆ. ಈ ಅನ್ಯಾಯ ನಡೆಯಲು ಕೆಟ್ಟವರು ಯಾರೂ ಬೇಕಾಗಿಲ್ಲ. ಒಳ್ಳೆಯವರೇ ಒಳ್ಳೆಯ ಮಾತಿನಲ್ಲೇ ನಡೆಸಿಕೊಂಡು ಹೋಗುತ್ತಾರೆ.

ಒಳಗೆ ನಾವು ನೋಡಿದ್ದನ್ನೂ ಹೇಳಬೇಕು. ಬಾವಿಯ ಬಳಿ ಅತ್ತೆಯವರು ಬಹಳ ಹೊತ್ತು ನಿಂತು, "ಇಷ್ಟು ಆಳದಿಂದ ನೀರು ಸೇದಿದವರ ಕೈ ಹೇಗಿತ್ತೇನೋ" ಎಂದರು. ನನ್ನ ಎಷ್ಟೋ ವರ್ಷಗಳ ಪಾಠದಲ್ಲಿ ಆ ಪ್ರಶ್ನೆ ಯಾವ ಮಗುವೂ ಕೇಳಿರಲಿಲ್ಲ. ಕೋಟೆಯಲ್ಲಿ ಸೈನ್ಯವಿತ್ತು ಎಂದು ಓದುತ್ತೇವೆ. ಆ ಸೈನ್ಯಕ್ಕೆ ಭತ್ತ ಕುಟ್ಟಿದವರು, ಗಂಜಿ ಬೇಯಿಸಿದವರು, ಪಾತ್ರೆ ಬೆಳಗಿದವರು ಇದ್ದಿರಲೇಬೇಕಲ್ಲ? ಪುರಾತತ್ವ ಇಲಾಖೆ 2000-01ರ ಸುಮಾರಿಗೆ ಇಲ್ಲಿ ಅಗೆದಾಗ ನಾಣ್ಯ, ಗುಂಡುಗಳ ಜೊತೆಗೆ ಚೀನಾದ ಪಿಂಗಾಣಿಯ ಚೂರುಗಳೂ ಸಿಕ್ಕವು. ರಾಜ್ಯ ಹೋಯಿತು, ಸೈನ್ಯ ಹೋಯಿತು, ಮಣ್ಣಿನಲ್ಲಿ ಉಳಿದದ್ದರಲ್ಲಿ ಊಟದ ಪಾತ್ರೆಯೂ ಒಂದು. ಚೀಲ ಕಾಯುವವರನ್ನು ಒಳಗೆ ಬಿಟ್ಟರೆ ಕೋಟೆಗೆ ಹೊಸ ಪ್ರಶ್ನೆಗಳು ಬರುತ್ತವೆ. ಅವರನ್ನು ಹೊರಗೆ ಕೂರಿಸಿದಾಗ ಅವರಿಗೆ ಕೋಟೆ ತಪ್ಪುತ್ತದೆ, ಕೋಟೆಗೆ ಆ ಪ್ರಶ್ನೆಗಳು ತಪ್ಪುತ್ತವೆ.

ಈಗ ನನ್ನ ವಾದಕ್ಕೆ ಬರುತ್ತೇನೆ. ಚೀಲ ಕಾಯುವುದು ಚೀಲಕ್ಕಾಗಿ ಅಲ್ಲ. ಆ ಚೀಲಗಳಲ್ಲಿ ಕಳ್ಳ ಹೊತ್ತೊಯ್ಯುವಂಥದ್ದು ಏನೂ ಇಲ್ಲ. ಮೊಸರನ್ನ ಕದಿಯಲು ಯಾವ ಕಳ್ಳನೂ ಮಿರ್ಜಾನದವರೆಗೆ ಬರುವುದಿಲ್ಲ. ನಿಜವಾದ ಕಾರಣ ಬೇರೆ. ಕೆಲವರು ನಿಶ್ಚಿಂತೆಯಿಂದ ಅಲೆಯಬೇಕಾದರೆ, ಅವರು ಮರಳಿ ಬರಲು ಒಂದು ಜಾಗ ಬೇಕು. ಅಲ್ಲಿ ನೀರು ಸಿಗಬೇಕು, ತಿಂಡಿ ಸಿಗಬೇಕು, "ಬಂದ್ರಾ, ಸುಸ್ತಾಯ್ತಾ?" ಎಂದು ಕೇಳುವ ಒಂದು ಮುಖ ಇರಬೇಕು. ಅಂದರೆ ಮನೆ ಬೇಕು. ಹೊರಗೆ ಹೋದರೂ ಬಿಡದೆ ಮನೆಯನ್ನು ಹೊತ್ತುಕೊಂಡು ಹೋಗುತ್ತೇವೆ, ಹೊತ್ತ ಮನೆಯನ್ನು ಮರದ ಬುಡದಲ್ಲಿ ಇಳಿಸುತ್ತೇವೆ, ಅದರೊಳಗೆ ಹೆಂಗಸನ್ನು ಕೂರಿಸುತ್ತೇವೆ. ಆಮೇಲೆ ಅವಳಿಗೂ ಒಂದು ಬದಲಾವಣೆ ಸಿಕ್ಕಿತು ಎನ್ನುತ್ತೇವೆ!

ಇದಕ್ಕೆ ಬರುವ ಸಮಾಧಾನಗಳು ನನಗೆ ಬಾಯಿಪಾಠವಾಗಿವೆ. ಒಂದು, ಅವರಿಗೇ ಹತ್ತಲು ಮನಸ್ಸಿಲ್ಲ, ಮಂಡಿನೋವು. ಮಂಡಿನೋವು ಸುಳ್ಳಲ್ಲ. ಆದರೆ ಅದೇ ಮಂಡಿ ಬೆಳಗಿನ ಜಾವ ನಾಲ್ಕರಿಂದ ಎಂಟರವರೆಗೆ ಅಡುಗೆಮನೆಯಲ್ಲಿ ನಿಂತಾಗ ಯಾರಿಗೂ ನೆನಪಾಗಲಿಲ್ಲವಲ್ಲ? ನಿಜಕ್ಕೂ ನಡೆಯಲಾಗದವರು ಕೂರಲಿ, ಅವರ ಜೊತೆಗೆ ಗಂಡಸರೂ ಒಬ್ಬರು ಕೂರಲಿ.

ಎರಡು, ಹೊರಗಿನ ಊಟ ಹೊಟ್ಟೆಗೆ ಆಗುವುದಿಲ್ಲ, ದುಡ್ಡೂ ದಂಡ. ಒಂದು ದಿನದ ಮಟ್ಟಿಗೆ ಅವಲಕ್ಕಿ, ಬಾಳೆಹಣ್ಣು, ಶೇಂಗಾ ಚಿಕ್ಕಿ ಸಾಕು. ಅಥವಾ ಕುಮಟೆಯಲ್ಲಿ ಒಳ್ಳೆಯ ಊಟದ ಹೋಟೆಲುಗಳಿವೆ. ಪೆಟ್ರೋಲಿಗೆ ಲೆಕ್ಕ ಹಾಕದವರು ಊಟಕ್ಕೆ ಮಾತ್ರ ಲೆಕ್ಕ ಹಾಕುವುದೇಕೆ? ಪೆಟ್ರೋಲನ್ನು ಮನೆಯಲ್ಲಿ ಪುಕ್ಕಟೆ ತಯಾರಿಸುವವರು ಯಾರೂ ಇಲ್ಲ, ಅದಕ್ಕೆ.

ಮೂರು, ಬಡಿಸುವುದರಲ್ಲೇ ಅವರಿಗೆ ಸಂತೋಷ. ಇದೆ, ಇಲ್ಲವೆನ್ನುವುದಿಲ್ಲ. ನಾನು ಮಾಡಿದ ಚಿತ್ರಾನ್ನವನ್ನು ಮಕ್ಕಳು ಚಪ್ಪರಿಸಿದರೆ ನನಗೂ ಸಂತೋಷವೇ. ಆದರೆ ಬಡಿಸುವ ಸಂತೋಷ ಇದೆಯೆಂದು ನೋಡುವ ಸಂತೋಷವನ್ನು ಕಸಿಯಬಹುದೆಂಬ ನ್ಯಾಯ ಎಲ್ಲಿಯದು?

ನಾಲ್ಕನೆಯದು ಸ್ವಲ್ಪ ಗಟ್ಟಿಯಾದ ಆಕ್ಷೇಪ. ಇದು ಹೊಟ್ಟೆ ತುಂಬಿದವರ ಗೋಳು, ಅದೇ ಅಘನಾಶಿನಿಯ ಕೆಸರಿನಲ್ಲಿ ಬಗ್ಗಿ ಬಳಚು ಆಯುವ ಹೆಂಗಸಿಗೆ ಎಲ್ಲಿಯ ಕೋಟೆ, ಎಲ್ಲಿಯ ಪ್ರವಾಸ ಎನ್ನುತ್ತಾರೆ. ಮಾತು ಸರಿ, ಆದರೆ ಅದು ನನ್ನ ಪರವಾಗಿಯೇ ಇದೆ. ಅವಳು ದುಡಿದು ಬಂದ ಮೇಲೆ ಮನೆಯ ಒಲೆಯನ್ನೂ ಅವಳೇ ಹಚ್ಚಬೇಕು. ಪದವಿ, ಸಂಬಳ, ಕಾರು ಎಲ್ಲ ಇರುವ ಮನೆಯಲ್ಲೇ ವರ್ಷಕ್ಕೊಂದು ದಿನ ಹೆಂಗಸಿನ ಕೈ ಬಿಡುವಾಗುವುದಿಲ್ಲವೆಂದರೆ, ಅವಳ ಪಾಡನ್ನು ಬೇರೆ ಹೇಳಬೇಕೆ?

ಅಂಕಿಗಳನ್ನು ಕೇಳುವವರಿಗೆ ಅಂಕಿಗಳೂ ಇವೆ. ಜನರು ದಿನವನ್ನು ಹೇಗೆ ಕಳೆಯುತ್ತಾರೆಂದು ಕೇಂದ್ರ ಸರಕಾರವೇ 2019ರಲ್ಲಿ ದೇಶಾದ್ಯಂತ ಸಮೀಕ್ಷೆ ನಡೆಸಿತು. ಆರು ವರ್ಷ ಮೇಲ್ಪಟ್ಟವರಲ್ಲಿ, ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ಹಾಗೆ ಮಾಡುವವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಇದೇ ಸಮೀಕ್ಷೆಯನ್ನು 2024ರಲ್ಲಿ ಮತ್ತೆ ಮಾಡಿದರು. ಹೆಂಗಸರದು 289ಕ್ಕೆ ಇಳಿದಿತ್ತು, ಗಂಡಸರದು 88ಕ್ಕೆ. ಐದು ವರ್ಷಗಳಲ್ಲಿ ನಮಗೆ ಹತ್ತು ನಿಮಿಷ ಉಳಿಯಿತೆಂದು ಖುಷಿಪಡುವಷ್ಟರಲ್ಲಿ ಅವರಿಗೂ ಒಂಬತ್ತು ನಿಮಿಷ ಉಳಿದಿದೆ! ನಡುವಿನ ಅಂತರ ಹೆಚ್ಚುಕಡಿಮೆ ಇದ್ದಲ್ಲೇ ಇದೆ.

ನನ್ನನ್ನು ಹೆಚ್ಚು ಕಾಡುವುದು ಈ ಅಂಕಿಗಳಲ್ಲ, ನಾನು ತಿದ್ದುವ ಪುಸ್ತಕಗಳು. ರಜೆ ಮುಗಿದ ಮೇಲೆ 'ನಾನು ಮಾಡಿದ ಪ್ರವಾಸ' ಎಂದು ಪ್ರಬಂಧ ಬರೆಸುವುದು ಶಾಲೆಗಳ ಹಳೆಯ ಪದ್ಧತಿ. ಹುಡುಗರು ಬುರುಜು, ಫಿರಂಗಿ, ಸುರಂಗ ಎಂದು ಬರೆಯುತ್ತಾರೆ. ಕೆಲವು ಹುಡುಗಿಯರೂ ಬರೆಯುತ್ತಾರೆ. ಆದರೆ ಅನೇಕ ಹುಡುಗಿಯರ ಪ್ರಬಂಧದಲ್ಲಿ ಏನೇನು ಅಡುಗೆ ಒಯ್ದಿದ್ದೆವು, ಯಾವ ಮಗು ಅತ್ತಿತು ಎಂಬುದೇ ಅರ್ಧ ಪುಟ. ಎಂಟನೆಯ ತರಗತಿಯ ಒಬ್ಬ ಹುಡುಗಿ ಹೀಗೆ ಬರೆದಿದ್ದಳು: "ನಾನು ಮತ್ತು ಅಮ್ಮ ಮರದ ಕೆಳಗೆ ಕುಳಿತಿದ್ದೆವು. ತಮ್ಮ ಓಡಿ ಬಂದು ಕೋಟೆ ಬಹಳ ಚೆನ್ನಾಗಿದೆ ಎಂದು ಹೇಳಿದನು." ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಕೆಂಪು ಪೆನ್ನು ಹಿಡಿದುಕೊಂಡು ನಾನು ಸುಮ್ಮನೆ ಕೂತೆ. ಹದಿಮೂರು ವರ್ಷಕ್ಕೇ ಅವಳನ್ನು ಚೀಲದ ಬಳಿ ಕೂರಿಸಿಯಾಗಿದೆ. ಅವಳ ಪಾಲಿಗೆ ಕೋಟೆ ಎಂದರೆ ತಮ್ಮ ಬಂದು ಹೇಳಿದ ಸುದ್ದಿ. ನಾಳೆ ಅವಳಿಗೆ ನಾನು ಚೆನ್ನಭೈರಾದೇವಿಯ ಪಾಠ ಮಾಡಬೇಕು, ಅವಳು ಇಸವಿ ಬಾಯಿಪಾಠ ಮಾಡಿ ಅಂಕ ಗಳಿಸಬೇಕು.

ಹಾಗಾದರೆ ಏನು ಮಾಡೋಣ? ಪ್ರವಾಸ ಬಿಡೋಣವೆನ್ನುವವಳು ನಾನಲ್ಲ. ತರಗತಿಯಲ್ಲಿ ಕಸ ಗುಡಿಸಲು, ಕುಡಿಯುವ ನೀರು ತರಲು ಸರದಿ ಪಟ್ಟಿ ಹಾಕುತ್ತೇವೆ. ದಿನವೂ ಒಬ್ಬಳೇ ಗುಡಿಸಲಿ ಎಂದು ಯಾವ ಶಿಕ್ಷಕಿಯೂ ಹೇಳುವುದಿಲ್ಲ, ಹೇಳಿದರೆ ಪಾಲಕರು ಜಗಳಕ್ಕೆ ಬರುತ್ತಾರೆ, ಬರಲೇಬೇಕು. ಅದೇ ಪಾಲಕರು ತಮ್ಮ ಪ್ರವಾಸಕ್ಕೂ ಒಂದು ಸರದಿ ಪಟ್ಟಿ ಹಾಕಲಿ. ಅರ್ಧ ಗಂಟೆ ಒಬ್ಬರು, ಅರ್ಧ ಗಂಟೆ ಇನ್ನೊಬ್ಬರು, ಹೆಣ್ಣು ಗಂಡೆಂಬ ಭೇದವಿಲ್ಲದೆ. ತಮ್ಮತಮ್ಮ ನೀರಿನ ಬಾಟಲಿ, ತಮ್ಮತಮ್ಮ ಟೋಪಿ ತಮ್ಮತಮ್ಮ ಹೆಗಲಿಗೆ. ಹತ್ತು ವರ್ಷ ದಾಟಿದ ಮಗು ತನ್ನ ಚೀಲ ತಾನು ಹೊರಬಲ್ಲದು. ಶಾಲೆಗೆ ಇದಕ್ಕಿಂತ ಭಾರ ಹೊತ್ತು ಬರುತ್ತದೆ. ಹೊರುವ ಸಾಮಾನು ಕಡಿಮೆಯಾದರೆ ಕಾಯುವ ಕೆಲಸವೂ ಕಡಿಮೆ. ಹೆಣ್ಣುಮಕ್ಕಳನ್ನು ಮೊದಲು ಒಳಗೆ ಕಳಿಸಿ, ಬುರುಜು ಹತ್ತಿಸಿ. ಅವರು ಬಂದು ತಮ್ಮಂದಿರಿಗೆ ಕೋಟೆ ಹೇಗಿದೆಯೆಂದು ಹೇಳಲಿ. ಇನ್ನು ಸ್ಮಾರಕಗಳನ್ನು ನೋಡಿಕೊಳ್ಳುವವರಲ್ಲಿ ಒಂದು ಬಿನ್ನಹ. ಎಲ್ಲ ಕಡೆ ಶುಚಿಯಾದ ಶೌಚಾಲಯ, ಕುಡಿಯುವ ನೀರು, ಚೀಲ ಇಡಲು ಬೀಗವಿರುವ ಒಂದು ಕಪಾಟು ಇದ್ದರೆ ಎಷ್ಟೋ ಹೆಂಗಸರ ಕಾಲಿನ ಸಂಕೋಲೆ ಬಿಡುತ್ತದೆ. ಶೌಚಕ್ಕೆ ಹೆದರಿ ಬೆಳಗಿನಿಂದ ನೀರು ಕುಡಿಯದೆ ಕೂತವಳು ಬುರುಜು ಹೇಗೆ ಹತ್ತಿಯಾಳು?

ಮನೆಯವರು ಇದಕ್ಕೆಲ್ಲ ಒಪ್ಪದಿದ್ದರೆ ಹೆಂಗಸರಿಗೆ ಇನ್ನೊಂದು ದಾರಿಯೂ ಇದೆ. 2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಬಂದಿದೆ, ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೇಟಿಗೆ ಕಾಸಿಲ್ಲ. ಬಸ್ಸಿನಲ್ಲಿ ಹೆಂಗಸರೇ ತುಂಬಿಹೋದರೆಂದು ಗೊಣಗಿದವರ ಗೊಣಗಾಟ ನಿಂತಿಲ್ಲ. ನಿಲ್ಲುವುದೂ ಬೇಡ. ಗೆಳತಿಯರು ನಾಲ್ಕು ಜನ ಕೂಡಿ, ಕೈಯಲ್ಲಿ ಒಂದು ಬಾಟಲಿ, ಪರ್ಸಿನಲ್ಲಿ ಊಟದ ದುಡ್ಡು ಇಟ್ಟುಕೊಂಡು ಹೊರಡಿ. ಮನೆಯವರಿಗೆ ಮಧ್ಯಾಹ್ನದ ಅಡುಗೆ ಮಾಡಿಟ್ಟು ಹೊರಡಬೇಡಿ, ಅದು ಬಹಳ ಮುಖ್ಯ. ಒಂದು ದಿನದ ಅನ್ನ ಬೇಯಿಸಲು ಬಾರದ ಗಂಡಸರು ನಮ್ಮ ಮನೆಗಳಲ್ಲಿದ್ದರೆ, ಕಲಿಯಲು ಅದಕ್ಕಿಂತ ಒಳ್ಳೆಯ ದಿನ ಸಿಗಲಿಕ್ಕಿಲ್ಲ.

ಮೊಸರನ್ನ ಹುಳಿಯಾದರೆ ಆಗಲಿ. ಅದನ್ನು ನಾಳೆ ಮತ್ತೆ ಮಾಡಬಹುದು, ಯಾರು ಬೇಕಾದರೂ ಮಾಡಬಹುದು. ಮಂಡಿ ಗಟ್ಟಿಯಿರುವ ವಯಸ್ಸು ಮಾತ್ರ ಮತ್ತೆ ಬರುವುದಿಲ್ಲ. ಮುಂದಿನ ರಜೆಗೆ "ಎಲ್ಲಿಗೆ ಹೋಗೋಣ?" ಎಂದು ಮನೆಯಲ್ಲಿ ಮಾತು ಬಂದಾಗ, ಊರಿನ ಹೆಸರು ಹೇಳುವ ಮೊದಲೇ ಇನ್ನೊಂದು ಪ್ರಶ್ನೆಯನ್ನು ನಡುಮನೆಯಲ್ಲಿ ಎಲ್ಲರಿಗೂ ಕೇಳಿಸುವಂತೆ ಕೇಳಿಬಿಡಿ: ಅಲ್ಲಿ ಚೀಲ ಕಾಯುವವರು ಯಾರು?